ನಡುಮನೆ ಗೋಡೆ ಮೂರನೇ ಕೋಟ್ ಕೇಳಿತು

ಶನಿವಾರ ಬೆಳಿಗ್ಗೆ
ಮೈಸೂರಿನ ಸರಸ್ವತಿಪುರಂ ಮನೆ, ನಡುಮನೆಯ ಒಂದೇ ಗೋಡೆ. 12 ಅಡಿ ಅಗಲ, 10 ಅಡಿ ಎತ್ತರ. ಹಳೇ ಬಣ್ಣ ಗಿಣಿಹಸಿರು, ಹೊಸದು ತಿಳಿ ಹಳದಿ. ಹಳೇದು ಎಲ್ಲೂ ಎದ್ದಿರಲಿಲ್ಲ, ಹಾಗಾಗಿ ಬಣ್ಣಕ್ಕೂ ಮೊದಲು ಬಳಿಯುವ ತಳಪದರ, ಅಂದರೆ ಪ್ರೈಮರ್, ಬಿಟ್ಟೆ. 180 ನಂಬರ್ ಎಮರಿ ಪೇಪರ್‌ನಲ್ಲಿ ಉಜ್ಜಿ, ದೂಳು ಒರೆಸಿ, ಮೊದಲ ಕೋಟ್ ಹೊಡೆದೆ. ಹಸಿರು ಹಾಗೇ ಇಣುಕುತ್ತಿತ್ತು. ಹಳದಿಗೆ ಮುಚ್ಚುವ ಶಕ್ತಿ ಮೊದಲೇ ಕಡಿಮೆ. ಅದರ ಮೇಲೆ ಉಳಿತಾಯ ಅಂತ ಡಬ್ಬದಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ನೀರು ಬೆರೆಸಿದ್ದೆ.

ಶನಿವಾರ ಸಂಜೆ
ಎರಡು ಕೋಟ್‌ಗಳ ನಡುವೆ 4 ಗಂಟೆ ಒಣಗಲು ಬಿಡಿ ಅಂತ ಡಬ್ಬದ ಮೇಲಿತ್ತು. ಹೊರಗೆ ಜಿಟಿಜಿಟಿ ಮಳೆ, ಕಿಟಕಿ ಮುಚ್ಚಿದ್ದೆ. ಗಡಿಯಾರ ನೋಡಿ ಎರಡನೇ ಕೋಟ್ ಶುರು ಮಾಡಿದೆ. ಒಂದೇ ಏಟಿಗೆ ಹಸಿರು ಮುಚ್ಚಲಿ ಅಂತ ಈ ಸಲ ದಪ್ಪಗೆ. ಸ್ವಿಚ್‌ಬೋರ್ಡ್ ಪಕ್ಕ ಕೆಳಗಿನ ಬಣ್ಣ ಅಂಗೈ ಅಗಲಕ್ಕೆ ರೋಲರ್‌ಗೆ ಅಂಟಿ ಎದ್ದು ಬಂತು. ನೋಡಬೇಕಾಗಿದ್ದು ಗಡಿಯಾರವನ್ನಲ್ಲ, ಗೋಡೆಯನ್ನು. ಮುಂಗೈ ಇಟ್ಟರೆ ತಣ್ಣಗೆ ತಾಗುತ್ತಿತ್ತು. ಅಂದರೆ ಒಳಗೆ ಇನ್ನೂ ಹಸಿ.

ಭಾನುವಾರ
ಕಿಟಕಿ ತೆಗೆದು, ಫ್ಯಾನ್ ಹಾಕಿ ಸುಮ್ನೆ ಕೂತೆ.

ಮಂಗಳವಾರ
ಎದ್ದ ಜಾಗ ಕೆರೆದು, ತಗ್ಗು ತುಂಬುವ ಪುಟ್ಟಿಯನ್ನು (ಗೋಡೆಗೆ ಮೆತ್ತುವ ಪೇಸ್ಟ್) ತೆಳ್ಳಗೆ ಎರಡು ಸಲ ಹಚ್ಚಿದೆ. ಒಣಗಿದ ಮೇಲೆ 320 ಎಮರಿ. ಪುಟ್ಟಿ ಮೇಲೆ ನೇರ ಬಣ್ಣ ಬಿದ್ದರೆ ಹೀರಿಕೊಂಡು ಮಂಕಾದ ಮಚ್ಚೆ ಉಳಿಯುತ್ತದೆ, ಹಾಗಾಗಿ ಅಲ್ಲಿಗೆ ಪ್ರೈಮರ್. ರಾತ್ರಿ ಮೊಬೈಲ್ ಟಾರ್ಚನ್ನು ಗೋಡೆಗೆ ಅಡ್ಡ ಹಿಡಿದು ನೋಡಿದೆ. ಪುಟ್ಟಿ ಸಮ ಕೂತಿದೆ, ಆದರೆ ಮೂಲೆಗಳಲ್ಲಿ ಹಸಿರು ಇನ್ನೂ ಇದೆ. ಮೊದಲೇ ಇಡೀ ಗೋಡೆಗೆ ಬಿಳಿ ಪ್ರೈಮರ್ ಬಳಿದಿದ್ದರೆ ಎರಡೇ ಕೋಟಿಗೆ ಮುಗೀತಿತ್ತು ಅನ್ಸುತ್ತೆ, ಖರ್ಚೂ ಕಡಿಮೆ.

‘ಇನ್ನೊಂದ್ ಕೋಟಾ? ಗೋಡೆಗೆ ಬಣ್ಣ ಹೊಡೀತಿದ್ದೀಯೋ, ಊಟ ಬಡಿಸ್ತಿದ್ದೀಯೋ?’ ಅಂತ ಅಮ್ಮ.

1962ರ ಚುನಾವಣೆಯಿಂದ ಮತದಾರರ ಬೆರಳಿಗೆ ಹಚ್ಚುತ್ತಿರುವ ಶಾಯಿ ನಮ್ಮೂರಿನ ಮೈಸೂರು ಪೇಂಟ್ಸ್‌ನದು. ಅದು ಒಂದೇ ಗೀಟು, ವಾರಗಟ್ಟಲೆ ಹೋಗಲ್ಲ. ನನ್ನ ಹಳದಿಗೆ ಆ ಭಾಗ್ಯವಿಲ್ಲ.

ಬುಧವಾರ
ತಂದ 2 ಲೀಟರ್ ಖಾಲಿ. ಅದೇ ಶೇಡ್ ನಂಬರ್ ಹೇಳಿ ಇನ್ನೊಂದು ಲೀಟರ್ ತಂದೆ. ಬೇರೆ ದಿನ ಬೆರೆಸಿದ ಬಣ್ಣ ಕೂದಲೆಳೆಯಷ್ಟು ಬೇರೆ ಕಂಡರೂ ಕಷ್ಟ. ಅದಕ್ಕೇ ತೇಪೆ ಹಾಕದೆ ಈ ಮೂಲೆಯಿಂದ ಆ ಮೂಲೆವರೆಗೆ ತೆಳ್ಳಗೆ ಮೂರನೇ ಕೋಟ್. ಟಾರ್ಚ್ ಹಿಡಿದರೆ ಹಸಿರು ಈಗ ಗಡಿಯಾರದ ಮೊಳೆ ಸುತ್ತ ಮಾತ್ರ. ಅಲ್ಲಿ ಗಡಿಯಾರ ಬರುತ್ತೆ, ಬಿಟ್ಟಿದ್ದೀನಿ.