ತೇಲುವ ಚೂರುಗಳು, 9ನೇ ದಿನ

ಬಂತು! ಹೆರಿಗೆಯಾದ ಮೇಲಿನ ಹೊಕ್ಕುಳಬಳ್ಳಿಯನ್ನು ಚೂರು ಮಾಡಿ ಸ್ಟೆಮ್ ಸೆಲ್ (ಬೇರೆ ಬೇರೆ ಬಗೆಯ ಕೋಶವಾಗಬಲ್ಲ ಮೂಲ ಕೋಶ) ಬೆಳೆಸಲು ಒದ್ದಾಡುತ್ತಿದ್ದೆ. ಇವತ್ತು ಬೆಳಿಗ್ಗೆ ಮೈಕ್ರೋಸ್ಕೋಪಿಗೆ ಕಣ್ಣಿಟ್ಟರೆ ಚೂರಿನ ಅಂಚಿನಿಂದ ಏಳೆಂಟು ಕೋಶಗಳು ಹೊರಗೆ ತೆವಳಿವೆ. ನಡು ಉಬ್ಬಿ ಎರಡೂ ತುದಿ ಚೂಪು, ಥೇಟ್ ನೂಲಿನ ಕದಿರು. ಇದು ನಾಲ್ಕನೇ ಹೊಕ್ಕುಳಬಳ್ಳಿ. ಮೊದಲ ಮೂರೂ ಸೀದಾ ಆಸ್ಪತ್ರೆ ಕಸದ ಹಳದಿ ಚೀಲಕ್ಕೆ ಹೋದವು.

ತಾಯಿಯ ಒಪ್ಪಿಗೆ, ಎಥಿಕ್ಸ್ ಕಮಿಟಿ ಕಾಗದ, ತೊಳೆಯುವುದು, ಮೂರು ರಕ್ತನಾಳ ಎಳೆದು ತೆಗೆಯುವುದು, ಇವೆಲ್ಲ ಮಾಮೂಲಿ ಕೆಲಸ. ನನ್ನ ತಲೆ ತಿಂದಿದ್ದು ಆಮೇಲಿನ ಕೆಲಸ. ನಾಳ ತೆಗೆದ ಮೇಲೆ ಉಳಿಯುವ ವಾರ್ಟನ್ ಜೆಲ್ಲಿ ಅನ್ನುವ ಲೋಳೆ ಇದೆಯಲ್ಲ, ಮದ್ದೂರು ಎಳನೀರಿನ ತೆಳು ಗಂಜಿ ಥರ. ಬ್ಲೇಡ್ ಇಟ್ಟರೆ ಜಾರುತ್ತದೆ. ಹೇಗೋ 1–2 ಮಿಲಿಮೀಟರ್ ಚೂರು ಮಾಡಿ ಪ್ಲೇಟಿನಲ್ಲಿ ಸಾಲಾಗಿ ಇಡುತ್ತಿದ್ದೆ. ಮೀಡಿಯಂ (ಕೋಶ ಬೆಳೆಸುವ ಪೋಷಕ ದ್ರವ) ಹಾಕಿದ ತಕ್ಷಣ ಸಾರಿನ ಮೇಲಿನ ಕರಿಬೇವಿನ ಹಾಗೆ ಎಲ್ಲವೂ ತೇಲಿಬಿಡುತ್ತಿದ್ದವು. ಚೂರು ಪ್ಲಾಸ್ಟಿಕ್ಕಿಗೆ ಅಂಟಿದರೆ ತಾನೇ ಕೋಶ ಇಳಿದು ನಡೆಯೋದು?

ಎರಡನೇ ಬಳ್ಳಿಗೆ ಕೊಲಾಜಿನೇಸ್ (ಅಂಗಾಂಶವನ್ನು ಕರಗಿಸುವ ಕಿಣ್ವ) ಹಾಕಿ ನೋಡಿದೆ. ಲೋಳೆಸರದ ಲೋಳೆಯಂತಾಗಿ ಪಿಪೆಟ್ಟೇ ಕಟ್ಟಿಕೊಂಡಿತು. ಮತ್ತೆ ಚೂರಿಗೇ ಶರಣು.

ಮೂರನೆಯದಕ್ಕೆ, ಮೀಡಿಯಂಗೆ ಬೆರೆಸುವ ಸೀರಮ್ (ರಕ್ತದ ದ್ರವಭಾಗ) ಮೇಲೆ ಗೂಬೆ ಕೂರಿಸಿದೆ. ಸುಮ್ನೆ ಅಲ್ಲ. ಬೆಂಗಳೂರಿನಿಂದ ಮೈಸೂರಿಗೆ ಬರಲು ಅದು ಮೂರು ದಿನ ತೆಗೆದುಕೊಂಡಿತ್ತು. ಡಬ್ಬ ಬಿಚ್ಚಿದರೆ ಡ್ರೈ ಐಸ್ ಮಾಯ, ಗಟ್ಟಿ ಹೆಪ್ಪಾಗಿ ಬರಬೇಕಾದ ಬಾಟಲಿ ಒಳಗೆ ಗುಳುಗುಳು. ಫೋನ್ ಮಾಡಿದರೆ ಸಪ್ಲೈಯರ್ ಹುಡುಗ, "ತಣ್ಣಗಿದೆಯಲ್ಲ ಸರ್?" ಅಂದ. ಮಜ್ಜಿಗೆನೂ ತಣ್ಣಗಿರುತ್ತೆ ಕಣಪ್ಪ!

ಆದರೆ ತಪ್ಪು ನನ್ನ ಕೈಯದ್ದು. ಒಂದೇ ಸಲ 2 ಮಿಲಿ ಮೀಡಿಯಂ ಸುರಿಯುತ್ತಿದ್ದೆ. ಈ ಸಲ ಪ್ಲೇಟಿನ ತಳಕ್ಕೆ ಬ್ಲೇಡಿನಿಂದ ಗೀರು ಹಾಕಿ, ಗೀರಿನ ಮೇಲೆ ಚೂರು ಒತ್ತಿದೆ. ಮೀಡಿಯಂ ಇಲ್ಲದೆ 20 ನಿಮಿಷ ಇನ್‌ಕ್ಯುಬೇಟರಿನಲ್ಲಿಟ್ಟೆ. ಆಮೇಲೆ ಚೂರಿಗೊಂದು ಹನಿ, ಅಷ್ಟೇ. ಉಳಿದದ್ದನ್ನು ಮರುದಿನ ಪ್ಲೇಟಿನ ಗೋಡೆಗುಂಟ ಮೆಲ್ಲಗೆ ಇಳಿಸಿದೆ. ಜಾಸ್ತಿ ಒಣಗಿಸಿದರೆ ಚೂರೇ ಸಾಯುತ್ತದೆ, ಹುಷಾರು.

ಇವು ಸ್ಟೆಮ್ ಸೆಲ್ಲೇ ಅಂತ ಈಗಲೇ ಹೇಳಲ್ಲ. ಅಂಗಾಂಶದ ನಾರು ಕಟ್ಟುವ ಮಾಮೂಲಿ ಕೋಶ ಫೈಬ್ರೋಬ್ಲಾಸ್ಟೂ ಹೀಗೇ ಕಾಣುತ್ತದೆ. ಅಂತರರಾಷ್ಟ್ರೀಯ ಕೋಶ ಚಿಕಿತ್ಸಾ ಸಂಘದ 2006ರ ಮಾನದಂಡದಂತೆ ಸಿಡಿ73, ಸಿಡಿ90, ಸಿಡಿ105 ಎಂಬ ಗುರುತಿನ ಪ್ರೋಟೀನುಗಳು ಮೂರೂ ಶೇ 95ಕ್ಕೂ ಹೆಚ್ಚು ಕೋಶಗಳಲ್ಲಿ ಕಾಣಬೇಕು. ಮೂಳೆ, ಕೊಬ್ಬು, ಮೃದ್ವಸ್ಥಿ ಆಗಿಯೂ ತೋರಿಸಬೇಕು.

ಅಷ್ಟರಲ್ಲಿ ಮನಸ್ಸು ಮಾಸುಚೀಲದ ಒಳಪೊರೆ (ಗರ್ಭದಲ್ಲಿ ಮಗುವನ್ನು ಸುತ್ತುವ ಆಮ್ನಿಯನ್) ಕಡೆ ಓಡಿದೆ. ಈರುಳ್ಳಿ ಪೊರೆಯಂತೆ ಕೈಯಲ್ಲೇ ಸುಲಿಯಬಹುದು, ಟ್ರಿಪ್ಸಿನ್ (ಪ್ರೋಟೀನ್ ಕಡಿಯುವ ಕಿಣ್ವ) ಹಾಕಿದರೆ ಕೋಶ ಬಿಡುತ್ತದೆ. ಅಂಟಿಸುವ ಗೋಳೇ ಇಲ್ಲ!

ಅಂದಹಾಗೆ, ಮೀಡಿಯಂ ಪೂರ್ತಿ ಹಾಕಿದ ಮೇಲೆ ಐದು ದಿನದೊಳಗೆ ಪ್ಲೇಟ್ ಮುಟ್ಟಿದವರು ಎಲ್ಲರಿಗೂ ಮೈಲಾರಿ ದೋಸೆ ಕೊಡಿಸಬೇಕು ಅಂತ ಇನ್‌ಕ್ಯುಬೇಟರಿಗೆ ಚೀಟಿ ಅಂಟಿಸಿದ್ದೆ. ಮೂರನೇ ದಿನ ತಡೆಯಲಾಗದೆ ನಾನೇ ಮುಟ್ಟಿದೆ. ಲ್ಯಾಬಿನಲ್ಲಿ ಆರು ಜನ.