ಹುಲ್ಲಿನ ಮುಖವಾಡ, ಪಡುವಣ ಕೋಣೆ

ಡಬ್ಲಿನ್‌ನಿಂದ ರೈಲು ಹತ್ತಿ ಪಶ್ಚಿಮದ ಮೇಯೋ ಜಿಲ್ಲೆಯ ಕ್ಯಾಸಲ್‌ಬಾರ್‌ನಲ್ಲಿ ಇಳಿದರೆ ಟರ್ಲೋ ಹಳ್ಳಿ ಹತ್ತಿರವೇ. ಐರ್ಲೆಂಡಿನ ಹಳ್ಳಿ ಬದುಕನ್ನು ತೋರಿಸುವ ರಾಷ್ಟ್ರೀಯ ಮ್ಯೂಸಿಯಂ 2001ರಲ್ಲಿ ಶುರುವಾಗಿದ್ದು ಇಲ್ಲೇ. ಟಿಕೆಟ್ ಇಲ್ಲ, ಸುಮ್ನೆ ಒಳಗೆ ಹೋಗಬಹುದು.

ಅಲ್ಲಿ ನಾನು ಜಾಸ್ತಿ ಹೊತ್ತು ನಿಂತಿದ್ದು ಸ್ಟ್ರಾಬಾಯ್‌ಗಳ ವೇಷದ ಮುಂದೆ. ಒಣಹುಲ್ಲನ್ನು ಜಡೆಯಂತೆ ಹೆಣೆದು ಮಾಡಿದ ಉದ್ದನೆಯ ಟೋಪಿ, ಮುಖವನ್ನೂ ಮುಚ್ಚುತ್ತದೆ. ಮದುವೆ ಮನೆಗೆ ರಾತ್ರಿ ಈ ವೇಷದವರು ಕರೆಯದೇ ಬರುತ್ತಿದ್ದರು. ಅವರ ಮುಖಂಡ ಮದುಮಗಳ ಜೊತೆ ಕುಣಿಯುತ್ತಿದ್ದ. ಅವರು ಬಂದರೆ ಶುಭ ಎಂಬ ನಂಬಿಕೆ. ಮುಖವಾಡದ ಹಿಂದೆ ಇರುತ್ತಿದ್ದವರು ಅಕ್ಕಪಕ್ಕದ ಊರಿನ ಹುಡುಗರೇ!

ಈಸ್ಟರ್ ಮುಂಚಿನ ನಲವತ್ತು ದಿನದ ಉಪವಾಸದಲ್ಲಿ ಮದುವೆ ನಡೆಯುತ್ತಿರಲಿಲ್ಲ. ಅದಕ್ಕೇ ಉಪವಾಸ ಶುರುವಾಗುವ ಮುನ್ನಾದಿನದ ಮಂಗಳವಾರ ಮದುವೆಗಳ ಭರಾಟೆ. ಆಗಲೂ ಮದುವೆಯಾಗದೆ ಉಳಿದವರು ಭಾನುವಾರ ಚರ್ಚಿಗೆ ಬಂದರೆ ಮಕ್ಕಳು ಅವರ ಬೆನ್ನಿಗೆ ಸೀಮೆಸುಣ್ಣದಲ್ಲಿ ಗೀಟು ಎಳೆಯುತ್ತಿದ್ದರು. ಪಾಪ, ಹಾಗೆ ಉಳಿದವರಲ್ಲಿ ಎಷ್ಟೋ ಜನರದ್ದು ತಪ್ಪೇ ಇರಲಿಲ್ಲ. 1845ರಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಶುರುವಾದ ಭೀಕರ ಬರದ ನಂತರ ಜಮೀನು ಪಾಲು ಮಾಡುವುದು ಕಡಿಮೆಯಾಯಿತು. ಜಮೀನು ಒಬ್ಬ ಮಗನಿಗೆ ಮಾತ್ರ, ಅದೂ ಅಪ್ಪ ಬಿಟ್ಟುಕೊಟ್ಟಾಗ. ಉಳಿದ ಎಷ್ಟೋ ಮಕ್ಕಳು ಅಮೆರಿಕದ ಹಡಗು ಹತ್ತಿದರು.

ಅಲ್ಲಿಂದ ದಕ್ಷಿಣಕ್ಕೆ, ಕ್ಲೇರ್ ಜಿಲ್ಲೆಗೆ ಬಂದೆ. ಬನ್ರಾಟಿಯಲ್ಲಿ ಹಳೆಯ ಹುಲ್ಲುಮಾಡಿನ ರೈತರ ಮನೆಗಳನ್ನು ಮತ್ತೆ ಕಟ್ಟಿ ನಿಲ್ಲಿಸಿದ್ದಾರೆ. ಮದುವೆ ಮಾತುಕತೆಯ ಬಗ್ಗೆ ಓದಿದ್ದೆಲ್ಲ ಅಲ್ಲಿ ಕಣ್ಣಿಗೆ ಕಟ್ಟಿತು. ದಲ್ಲಾಳಿ ಸಂಬಂಧ ತಂದ ಮೇಲೆ ಹುಡುಗಿಯ ಅಪ್ಪ ಹುಡುಗನ ಹೊಲ ಸುತ್ತಿ, ದನ ಎಣಿಸಿ, ಮಣ್ಣು ನೋಡುತ್ತಿದ್ದ. ಹುಡುಗಿ ತಂದ ವರದಕ್ಷಿಣೆಯಲ್ಲೇ ಹುಡುಗನ ತಂಗಿಯ ಮದುವೆಯೂ ಆಗುತ್ತಿತ್ತು. ನಮ್ಮ ಕಡೆಯೂ ಇದೇ ಲೆಕ್ಕ ನಡೆದಿದೆ, ಅಲ್ವಾ?

ನನ್ನ ಮನಸ್ಸು ತಟ್ಟಿದ್ದು ಬೇರೆ. ಸೊಸೆ ಬಂದಾಗ ಅತ್ತೆ ಮಾವ ಒಲೆಯಾಚೆಯ ಪಡುವಣ ಕೋಣೆಗೆ ಹೋಗುತ್ತಿದ್ದರು. ಅವರಿಗೆ ಏನೇನು ಸಿಗಬೇಕು ಎಂದು ವಕೀಲರ ಮುಂದೆ ಬರೆಸುತ್ತಿದ್ದರು: ಒಂದು ಹಸುವಿಗೆ ಮೇವು, ಆಲೂಗಡ್ಡೆ, ಚರ್ಚಿಗೆ ಹೋಗಲು ಗಾಡಿಯಲ್ಲಿ ಜಾಗ. ಮಕ್ಕಳ ದಯೆಗೆ ಬಿಡದೆ ಹಕ್ಕಿನಂತೆ ಬರೆಸಿದ್ದು ನನಗೆ ತುಂಬಾ ಸರಿ ಅನ್ನಿಸಿತು.

ಇದೇ ಜಿಲ್ಲೆಯ ಲಿಸ್‌ಡೂನ್‌ವಾರ್ನಾ ಗಂಧಕದ ನೀರಿನ ಬುಗ್ಗೆಗಳ ಊರು. ಸುಗ್ಗಿ ಮುಗಿಸಿದ ರೈತರು ನೀರಿನ ನೆಪದಲ್ಲಿ ಬಂದು ಸಂಬಂಧ ಹುಡುಕುತ್ತಿದ್ದರು. ಈಗಲೂ ಸೆಪ್ಟೆಂಬರ್‌ನಲ್ಲಿ ವಧೂವರರ ಹಬ್ಬ ನಡೆಯುತ್ತದೆ. ಊರು ಚಿಕ್ಕದು, ಹೋಗುವವರು ರೂಮನ್ನು ಮೊದಲೇ ಹಿಡಿದುಕೊಳ್ಳಿ.