ಬೇಸಿಗೆಯ ಸ್ಟಾರ್ಟರ್‌ಗೆ ಅಂಡರ್‌ಕಟ್: ಮೊದಲು ಸುಡಿ, ಆಮೇಲೆ ಹೆಚ್ಚಿ

ಸ್ಟಾರ್ಟರ್ ಅಂದ ಕೂಡಲೇ ಮಾಂಸವನ್ನು ಚಿಕ್ಕ ಚಿಕ್ಕ ತುಂಡು ಮಾಡಿ ಕಡ್ಡಿಗೆ ಚುಚ್ಚುವವರೇ ಜಾಸ್ತಿ. ಗೋವಾದ ಮಾರ್ಕೆಟ್ಟಿನಲ್ಲಿ ಸಿಗುವ ಬೀಫ್‌ಗೆ ಆ ಲೆಕ್ಕ ನಡೆಯುವುದಿಲ್ಲ. ಇಲ್ಲಿ ಗೋಹತ್ಯೆಗೆ 1978ರ ಕಾಯ್ದೆಯ ತಡೆ ಇದೆ. ಬೀಫ್ ಎಂದು ತೂಗಿ ಕೊಡುವುದು ಹೆಚ್ಚಾಗಿ ಎಮ್ಮೆ, ಕೋಣ, ಎತ್ತಿನ ಮಾಂಸ. ಅದರೊಳಗೆ ಕೊಬ್ಬಿನ ಎಳೆ ತೀರಾ ಕಡಿಮೆ. ಚಿಕ್ಕ ತುಂಡಾದರೆ ಹೊರಗೆ ಬಣ್ಣ ಬರುವಷ್ಟರಲ್ಲಿ ಒಳಗೆ ಒಣಗಿ ರಬ್ಬರಾಗಿರುತ್ತದೆ. ಹಾಗಾಗಿ ದೊಡ್ಡ ತುಂಡಾಗಿಯೇ ಸುಟ್ಟು, ಆಮೇಲೆ ತೆಳ್ಳಗೆ ಹೆಚ್ಚಬೇಕು.

ಅಂಗಡಿಯಲ್ಲಿ ಅಂಡರ್‌ಕಟ್ (ಬೆನ್ನೆಲುಬಿನ ಅಡಿಯ ಮೆತ್ತನೆಯ ಉದ್ದ ಮಾಂಸ, ಟೆಂಡರ್‌ಲಾಯಿನ್) ಎಂದೇ ಕೇಳಿ, ಇಡಿಯಾಗಿ ಕೊಡಿ ಎನ್ನಿ. ಬಿಟ್ಟರೆ ಅಭ್ಯಾಸಬಲದಿಂದ ಚಿಲ್ಲಿ ಫ್ರೈ ಅಳತೆಗೆ ಕೊಚ್ಚಿಬಿಡುತ್ತಾರೆ. ಹತ್ತು-ಹನ್ನೆರಡು ಜನರ ಸ್ಟಾರ್ಟರ್‌ಗೆ ಒಂದು ಕಿಲೋ ಧಾರಾಳ. ಮೇಲಿನ ಬೆಳ್ಳಿ ಬಣ್ಣದ ಪೊರೆ ಎಷ್ಟು ಸುಟ್ಟರೂ ಮೆತ್ತಗಾಗುವುದಿಲ್ಲ. ಶಾಖಕ್ಕೆ ಮುದುಡಿ ಮಾಂಸವನ್ನೂ ಸೊಟ್ಟ ಮಾಡುತ್ತದೆ. ಚೂರಿಯ ತುದಿಯನ್ನು ಅದರಡಿ ತೂರಿಸಿ, ಅಲಗನ್ನು ಪೊರೆಯ ಕಡೆಗೇ ಸ್ವಲ್ಪ ಓರೆಯಾಗಿ ಹಿಡಿದು ಎಳೆಯಿರಿ. ಉಳಿದ ಮಾಂಸವನ್ನು ಅಡ್ಡಡ್ಡಲಾಗಿ ಬಿಲ್ಲೆ ಮಾಡಬೇಡಿ, 15 ಸೆಂ.ಮೀ. ಉದ್ದದ ದಿಂಡುಗಳಾಗಿ ಕತ್ತರಿಸಿ. ಅಂಡರ್‌ಕಟ್‌ನ ನಾರು ಉದ್ದಕ್ಕೆ ಓಡುತ್ತದೆ. ದಿಂಡನ್ನು ಸುಟ್ಟು ಅಡ್ಡಕ್ಕೆ ಹೆಚ್ಚಿದರೆ ಪ್ರತಿ ಹೋಳಿನಲ್ಲೂ ನಾರು ಅರ್ಧ ಸೆಂಟಿಮೀಟರ್ ಮಾತ್ರ. ಒಂದೇ ಕಡಿತಕ್ಕೆ ತುಂಡಾಗುತ್ತದೆ. ನಿಂತುಕೊಂಡು, ಒಂದು ಕೈಯಲ್ಲಿ ಲೋಟ ಹಿಡಿದು ತಿನ್ನುವ ತಿಂಡಿಗೆ ಇದು ಮುಖ್ಯ.

ಕಿಲೋಗೆ 10–12 ಗ್ರಾಂ ಉಪ್ಪು ಸವರಿ ಹಿಂದಿನ ರಾತ್ರಿಯೇ ಮುಚ್ಚದೆ ಫ್ರಿಜ್ಜಿನಲ್ಲಿಡಿ. ಅಷ್ಟು ಹೊತ್ತು ಇಲ್ಲದಿದ್ದರೆ ಕನಿಷ್ಠ 40 ನಿಮಿಷ. ಉಪ್ಪು ಹಚ್ಚಿ ಹತ್ತು ನಿಮಿಷಕ್ಕೇ ಗ್ರಿಲ್ಲಿಗೆ ಹಾಕುವುದು ಎಲ್ಲಕ್ಕಿಂತ ಕೆಟ್ಟದ್ದು: ಆಗ ನೀರು ಹೊರಗೆ ಬಂದಿರುತ್ತದೆ, ಒಳಗೆ ಮರಳಿರುವುದಿಲ್ಲ, ಮಾಂಸ ಕಂದುವ ಬದಲು ಬೇಯುತ್ತದೆ. ವಿನೆಗರ್, ನಿಂಬೆರಸದಲ್ಲಿ ನೆನೆಸುವುದೂ ಬೇಡ. ಹುಳಿ ಒಳಕ್ಕೆ ಕೆಲವೇ ಮಿಲಿಮೀಟರ್ ಹೋಗುತ್ತದೆ, ಮೇಲ್ಮೈಯನ್ನು ಮಾತ್ರ ಕೆಡಿಸುತ್ತದೆ. ಕಾಯಿ ಪಪ್ಪಾಯಿಯನ್ನಂತೂ ಅಂಡರ್‌ಕಟ್‌ಗೆ ಮುಟ್ಟಿಸಬೇಡಿ, ಹಿಟ್ಟುಹಿಟ್ಟಾಗುತ್ತದೆ. ಅದು ತೊಡೆಯ ಮಾಂಸಕ್ಕೆ ಸರಿ.

ತೆಂಗಿನ ಚಿಪ್ಪಿನ ಇದ್ದಿಲು ಸಿಕ್ಕರೆ ಅದೇ ಒಳ್ಳೆಯದು. ಅರ್ಧ ಗಂಟೆ ಮೊದಲೇ ಹೊತ್ತಿಸಿ. ಸೀಮೆಎಣ್ಣೆ ಸುರಿದರೆ ಕೊನೆಯ ತುಂಡಿನವರೆಗೂ ಅದರದ್ದೇ ವಾಸನೆ. ಕೆಂಡದ ಮೇಲೆ ಬೂದಿ ಕೂತ ಮೇಲೆ ಎಲ್ಲವನ್ನೂ ಒಂದು ಬದಿಗೆ ದೂಡಿ, ಇನ್ನೊಂದು ಬದಿ ಖಾಲಿ ಇರಲಿ. ಜಾಲರಿಯಿಂದ ಒಂದು ಗೇಣಿಗಿಂತ ಸ್ವಲ್ಪ ಕಡಿಮೆ ಎತ್ತರದಲ್ಲಿ ಅಂಗೈ ಹಿಡಿದರೆ ಎರಡು-ಮೂರು ಸೆಕೆಂಡಿಗಿಂತ ಹೆಚ್ಚು ತಾಳಲಾಗಬಾರದು. ಮಾಂಸದ ಪಸೆ ಒರೆಸಿ, ಎಣ್ಣೆಯನ್ನು ಜಾಲರಿಗಲ್ಲ, ಮಾಂಸಕ್ಕೆ ಹಚ್ಚಿ. ನಾಲ್ಕೂ ಮಗ್ಗುಲು ತಲಾ ಎರಡೂವರೆ–ಮೂರು ನಿಮಿಷ. ತಿರುಗಿಸಲು ಇಕ್ಕಳ ಸಾಕು. ಮಾಂಸ ಜಾಲರಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ, ಕಂದಿದ ಮೇಲೆ ತಾನಾಗಿ ಬಿಡುತ್ತದೆ. ನಂತರ ಕೆಂಡವಿಲ್ಲದ ಕಡೆಗೆ ಸರಿಸಿ ಮುಚ್ಚಿ. ಥರ್ಮಾಮೀಟರ್ ನಡುವಿನಲ್ಲಿ 60 ಡಿಗ್ರಿ ತೋರಿಸಿದಾಗ ತೆಗೆದರೆ, ಹಲಗೆಯ ಮೇಲೆ ಕೂತಲ್ಲೇ 63ಕ್ಕೆ ಏರುತ್ತದೆ. ನೆಂಟರಿಗೆ ಬಡಿಸುವಾಗ ಅದಕ್ಕಿಂತ ಹಸಿ ಬೇಡ. 70 ದಾಟಿತೋ, ಯಾವ ಸಾಸೂ ಅದನ್ನು ಉಳಿಸದು. ಏಳೆಂಟು ನಿಮಿಷ ಬಿಟ್ಟು ಹೆಚ್ಚಿ. ಆತುರಪಟ್ಟರೆ ರಸವೆಲ್ಲ ಹಲಗೆಯ ಪಾಲು.

ತಳಕ್ಕೆ ಪೊಯಿ, ಅಂದರೆ ಗೋವಾದ ತವುಡು ಹಾಕಿದ ಉರುಟು ಬ್ರೆಡ್. ಪೊದೇರ್ (ಬ್ರೆಡ್ ಮಾರುವವನು) ಸಂಜೆ ತಂದದ್ದು ಮೆತ್ತಗಿರುತ್ತದೆ, ಬೆಳಗಿನದೇ ಗಟ್ಟಿಯಾಗಿ ಚೆನ್ನಾಗಿ ನಿಲ್ಲುತ್ತದೆ. ಎರಡು ಪದರ ಬಿಡಿಸಿ, ನಾಲ್ಕಾಗಿ ಕತ್ತರಿಸಿ, ಒಳಮೈಗೆ ಬೆಣ್ಣೆ ಹಚ್ಚಿ ಜಾಲರಿಯ ಮೇಲೆ ಗರಿ ಮಾಡಿ. ಮೇಲಕ್ಕೆ ರೆಶಾದ್ ಬೆಣ್ಣೆ: 100 ಗ್ರಾಂ ಮೆತ್ತನೆಯ ಬೆಣ್ಣೆಗೆ ಒಂದು ದೊಡ್ಡ ಚಮಚ ರೆಶಾದ್ ಮಸಾಲೆ (ಕೆಂಪು ಮೆಣಸಿನಕಾಯಿಯನ್ನು ವಿನೆಗರ್‌ನಲ್ಲಿ ಅರೆದ ಗೋವಾದ ಮಸಾಲೆ). ಮಸಾಲೆಯನ್ನು ಮೊದಲು ಒಂದು ಚಮಚ ಎಣ್ಣೆಯಲ್ಲಿ ಹಸಿ ವಾಸನೆ ಹೋಗುವವರೆಗೆ ಬಾಡಿಸಿ ಆರಿಸಿ. ಇದೇ ಮಸಾಲೆಯನ್ನು ಮಾಂಸಕ್ಕೆ ಹಚ್ಚಿ ಕೆಂಡದ ಮೇಲಿಟ್ಟರೆ ಅದರ ಸಕ್ಕರೆ, ಮೆಣಸಿನಕಾಯಿ ಎರಡೂ ಕರಿದಾಗಿ ಕಹಿಯಾಗುತ್ತವೆ. ಬಿಸಿ ಹೋಳಿನ ಮೇಲೆ ಕಾಲು ಚಮಚ ಬೆಣ್ಣೆ, ಅದರ ಮೇಲೆ ತೆಂಗಿನ ಕಳ್ಳಿನ ವಿನೆಗರ್‌ನಲ್ಲಿ ಹತ್ತು ನಿಮಿಷ ನೆನೆದ ಈರುಳ್ಳಿ. ಹುಳಿ ಬರಬೇಕಾದದ್ದು ಇಲ್ಲಿ. ಉರಾಕ್ (ಗೇರುಹಣ್ಣಿನ ರಸದ ಮೊದಲ ಬಟ್ಟಿಯ ಮದ್ಯ) ಸಿಗುವ ತಿಂಗಳುಗಳಲ್ಲಿ ಇದರ ಪಕ್ಕಕ್ಕೆ ಬೇರೆ ಪಾನೀಯ ಹುಡುಕುವುದು ವ್ಯರ್ಥ. ಬೇಡದವರಿಗೆ ಕೋಕಂ ಶರಬತ್ತು.

ಅಂಡರ್‌ಕಟ್‌ನ ಸಪೂರ ಬಾಲವನ್ನು ದಿಂಡಿನ ಜೊತೆ ಸುಡಬೇಡಿ, ಅರ್ಧ ಹೊತ್ತಿಗೇ ಬೆಂದುಬಿಡುತ್ತದೆ. ಕಡ್ಡಿಗೆ ಚುಚ್ಚುವ ಆಸೆ ಇದ್ದವರು ಅದನ್ನು ಬಳಸಲಿ. 3 ಸೆಂ.ಮೀ. ತುಂಡುಗಳು, ಅರ್ಧ ಗಂಟೆ ನೀರಲ್ಲಿ ನೆನೆದ ಬಿದಿರ ಕಡ್ಡಿ, ತುಂಡುಗಳು ಒತ್ತಿಕೊಂಡಿರಲಿ. ನಡುವೆ ಈರುಳ್ಳಿ, ಕ್ಯಾಪ್ಸಿಕಂ ಸೇರಿಸಬೇಡಿ. ಅವು ಬೇಯುವ ಹೊತ್ತೇ ಬೇರೆ.

ಮೇ ತಿಂಗಳ ಸೆಕೆಯಲ್ಲಿ, ಹೊರಗೆ 32 ಡಿಗ್ರಿ ದಾಟಿದ್ದರೆ, ಬೆಂದ ಮಾಂಸವನ್ನು ಮೇಜಿನ ಮೇಲೆ ಒಂದು ಗಂಟೆಗಿಂತ ಹೆಚ್ಚು ಬಿಡಬಾರದು. ಎಲ್ಲ ದಿಂಡುಗಳನ್ನೂ ಒಟ್ಟಿಗೆ ಸುಡದೆ, ಜನ ಬಂದಂತೆ ಎರಡೆರಡೇ ಹಾಕಿ. ಹಸಿಯದು ಅಲ್ಲಿಯವರೆಗೆ ಫ್ರಿಜ್ಜಿನಲ್ಲೇ ಇರಲಿ. ಹಸಿ ಮಾಂಸ ಇಟ್ಟ ತಟ್ಟೆಗೆ ಸುಟ್ಟದ್ದನ್ನು ಮರಳಿ ಹಾಕಬೇಡಿ.